ಎಂಟೂ ಐದಕ್ಕೆ ಹುಟ್ಟುವ ಮಷೀನು

ನಗರದ ಬಸ್ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಖಾತ್ರಿರಾಯರು ಎಂದೇ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೇರೆಯವರು ಒತ್ತಿದ ಲಿಫ್ಟಿನ ಗುಂಡಿಯನ್ನು ತಾವೂ ಒಂದು ಸಲ ಒತ್ತುವವರು ಅವರು. ಅಂಚೆ ಡಬ್ಬಿಗೆ ಕಾಗದ ಹಾಕಿದ ಮೇಲೆ ಅದು ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡುವವರು. "ನಾಳೆ ಬರ್ತೀನಿ" ಎಂದವರಿಗೆ "ನಾಳೆ ಅಂದ್ರೆ ನಾಳೆನೇ ತಾನೆ?" ಎಂದು ಕೇಳಿ, ನಾಳೆ ಬರಬೇಕೆಂದಿದ್ದವರೂ ಬರದಂತೆ ಮಾಡುವವರು.

ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ನಿಲ್ದಾಣಗಳಲ್ಲಿ ತೋರಿಸುವ ಬೋರ್ಡುಗಳನ್ನು ನಡೆಸುವುದು ಈ ವಿಭಾಗದ ಕೆಲಸ. ಬೋರ್ಡು ಹೇಳಿದ ಹೊತ್ತಿಗೆ ಬಸ್ಸು ಬರುವುದು ಬೇರೆ ವಿಭಾಗದ ಕೆಲಸ. ವಿಭಾಗದಲ್ಲಿ ಇದ್ದವರು ಮೂರೇ ಜನ: ಗಾಜಿನ ಕೋಣೆಯಲ್ಲಿ ಸಾಹೇಬರು, ಹೊರಗೆ ಒಂದೇ ಉದ್ದ ಮೇಜಿನ ಎರಡು ತುದಿಗೆ ರಾಯರು ಮತ್ತು ಬೋರ್ಡ್ ಮೇಡಂ. ಮೇಡಂ ಹದಿನಾಲ್ಕು ವರ್ಷದ ಹಳಬರು, ರಾಯರು ಹನ್ನೊಂದು ವರ್ಷದವರು.

ಇವರು ಕೆಲಸ ಮಾಡಿಸುವ ಕಂಪ್ಯೂಟರುಗಳು ಮಾತ್ರ ಕಚೇರಿಯಲ್ಲಿರಲಿಲ್ಲ. ಯಾವುದೋ ಊರಿನ ಯಾವುದೋ ಕಂಪನಿಯ ಕಟ್ಟಡದಲ್ಲಿ ಬಾಡಿಗೆಗೆ ಇದ್ದವು. ಅದಕ್ಕೆ ಕ್ಲೌಡ್ ಎನ್ನುತ್ತಾರೆ. ಅಲ್ಲಿ ಕಂಪ್ಯೂಟರು ಬೇಕೆಂದರೆ ಪೆಟ್ಟಿಗೆ ಹೊರಬೇಕಾಗಿಲ್ಲ. ಇಮೇಜ್ ಎಂಬುದೊಂದು ಇರುತ್ತದೆ, ಅಂದರೆ ಅಚ್ಚು. ಈ ಅಚ್ಚಿನ ಪ್ರಕಾರ ಒಂದು ಮಷೀನು ಕೊಡಿ ಎಂದರೆ ಎರಡು ನಿಮಿಷದಲ್ಲಿ ಹಾಗೆಯೇ ಇರುವ ಮಷೀನು ಎದ್ದು ನಿಲ್ಲುತ್ತದೆ. ಸಾಕೆಂದರೆ ಅಳಿಸಿದರಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್ ನಡೆಸುವ ಹೆಂಡತಿಗೆ ರಾಯರು ಇದನ್ನು ಹೇಳಿದಾಗ, "ನಾನು ಬಟ್ಟೆ ಕತ್ತರಿಸೋಕೆ ಇಟ್ಕೊಂಡಿರೋ ಕಾಗದದ ಅಳತೆ ಇದ್ದ ಹಾಗೆ" ಎಂದು ಆಕೆ ಒಂದೇ ಮಾತಿನಲ್ಲಿ ಮುಗಿಸಿದ್ದರು. ರಾಯರಿಗೆ ಅದು ಇಷ್ಟವಾಗಿರಲಿಲ್ಲ. ಅಷ್ಟು ಸುಲಭವಾದರೆ ತಮ್ಮ ಕೆಲಸಕ್ಕೆ ಬೆಲೆಯೇನು?

ಅಚ್ಚು ಹಳೆಯದಾದರೆ ಅದರಲ್ಲಿ ಹಳೆಯ ಕಾಲದ ತೂತುಗಳೂ ಉಳಿದುಬಿಡುತ್ತವೆ. ಯಾವ ತೂತಿನಲ್ಲಿ ನುಗ್ಗಬಹುದೆಂಬುದು ಕಳ್ಳರಿಗೆ ಬಾಯಿಪಾಠ. ಆದ್ದರಿಂದ ಹಳೆಯ ಇಮೇಜುಗಳಿಗೆ ನಿವೃತ್ತಿ ಕೊಡಬೇಕೆಂದು ಮೇಲಿನಿಂದ ಆದೇಶ ಬಂತು, ಅದನ್ನು ನೋಡಲು ತಪಾಸಣಾಧಿಕಾರಿಯೂ ಬರುತ್ತಾರೆಂದು ತಿಳಿಯಿತು. "ಯಾರು ಮಾಡ್ತೀರಿ?" ಎಂದು ಸಾಹೇಬರು ಕೇಳಿ ಮುಗಿಸುವ ಮೊದಲೇ ರಾಯರು ಎದ್ದು ನಿಂತರು.

"ತಿಂಗಳ ಕೊನೆಗೆ ಒಂದೂ ಹಳೇ ಇಮೇಜು ಇರೋದಿಲ್ಲ ಸಾರ್. ಖಾತ್ರಿ."

ಆ ಖಾತ್ರಿಯನ್ನು ಅವರು ಲಿಫ್ಟಿನಲ್ಲಿ ಎದುರು ಮನೆಯವರಿಗೆ ಕೊಟ್ಟರು, ಫೋನಿನಲ್ಲಿ ಮಾವನವರಿಗೆ ಕೊಟ್ಟರು, ಕ್ಷೌರದಂಗಡಿಯಲ್ಲಿ ಕೇಳದವರಿಗೂ ಕೊಟ್ಟರು.

ಇದ್ದದ್ದು ನಲವತ್ತೆರಡು ಇಮೇಜು. ನಲವತ್ತೊಂದನ್ನು ಯಾರೂ ವರ್ಷಗಳಿಂದ ಮುಟ್ಟಿರಲಿಲ್ಲ, ಒಂದೇ ಮಧ್ಯಾಹ್ನ ಬೀಗ ಬಿತ್ತು. ಉಳಿದದ್ದು ನಲವತ್ತೆರಡನೆಯದು, ಬೋರ್ಡುಗಳ ಮೂಲ ಇಮೇಜು. ಒಂಬತ್ತು ವರ್ಷದ ಹಿಂದೆ ಅದನ್ನು ತಯಾರಿಸಿದವರು ಬೋರ್ಡ್ ಮೇಡಂ. ಎಲ್ಲೋ ಯಾರೋ ಇನ್ನೂ ಬಳಸುತ್ತಿದ್ದು, ದಿಢೀರನೆ ಬೀಗ ಹಾಕಿದರೆ ನಿಲ್ದಾಣಗಳ ಬೋರ್ಡು ಕಪ್ಪಾಗಿಬಿಟ್ಟರೆ? ಆದ್ದರಿಂದ ನಿಯಮ ಹೀಗಿತ್ತು: ಮೊದಲು "ಇದು ಹಳೆಯದು, ಬಳಸಬೇಡಿ" ಎಂಬ ನೋಟೀಸು. ನೋಟೀಸಿನ ಮೇಲೂ ಬಳಸಿದರೆ ಮಷೀನು ಸಿಗುತ್ತದೆ. ಸತತ ಏಳು ದಿನ ಯಾರೂ ಒಂದು ಮಷೀನೂ ಮಾಡದಿದ್ದರೆ ಆಗ ಬೀಗ. ಮಧ್ಯೆ ಒಂದು ಮಷೀನು ಹುಟ್ಟಿತೋ, ಲೆಕ್ಕ ಮತ್ತೆ ಮೊದಲಿಂದ.

ರಾಯರು ನೋಟೀಸು ಹಾಕಿದರು. ಮೇಡಂ ಇಣುಕಿ ನೋಡಿ, "ಹೋಗ್ಲಿ ಬಿಡಿ, ಒಂಬತ್ತು ವರ್ಷ ದುಡೀತು" ಎಂದರು. ಅದೇ ಸಂಜೆ ರಾಯರು ನಾದಿನಿಯ ಮನೆ ಬದಲಾಯಿಸಲು ನಾಲ್ಕು ದಿನ ರಜೆ ಹಾಕಿ ಹೊರಟರು. ಕಬ್ಬಿಣದ ಬೀರುವನ್ನು ಮೂರನೇ ಮಹಡಿಗೆ ಹೊತ್ತು, ಹೊತ್ತದ್ದು ಸರಿಯಾದ ಮನೆಗೇನಾ ಎಂದು ಎರಡು ಸಲ ಕೆಳಗಿಳಿದು ನೋಡಿ, ಸೊಂಟ ಹಿಡಿಸಿಕೊಂಡು ವಾಪಸು ಬಂದರು. ಕಂಪ್ಯೂಟರ್ ತೆರೆದು ನೋಡುತ್ತಾರೆ, ಬಳಕೆಯಿಲ್ಲದ ದಿನಗಳು: ಸೊನ್ನೆ.

ದಾಖಲೆ ತೆಗೆದರು. ಪ್ರತಿದಿನ ಬೆಳಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಆ ಇಮೇಜಿನಿಂದ ಒಂದು ಮಷೀನು ಹುಟ್ಟಿತ್ತು. ಮಾಡಿದವರ ಹೆಸರಿನಲ್ಲಿ ಮೂವರೂ ಬಳಸುವ ವಿಭಾಗದ ಖಾತೆ. ಅದು ಯಾರು ಬೇಕಾದರೂ ಆಗಬಹುದು. ಆದರೆ ಎಂಟೂ ನಲವತ್ತಕ್ಕೆ ಆ ಮಷೀನನ್ನು ಯಾರೋ ಅಳಿಸಿದ್ದರು. ಅಳಿಸಿದವರ ಹೆಸರಿನಲ್ಲಿ ಸ್ಪಷ್ಟವಾಗಿ ಬೋರ್ಡ್ ಮೇಡಂ.

ರಾಯರು ಮೇಜಿನ ಆ ತುದಿಯನ್ನು ನೋಡಿದರು. ಮೇಡಂ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಕಂಪ್ಯೂಟರ್ ವಿಭಾಗದಲ್ಲಿ ಪೆನ್ಸಿಲ್ ಯಾಕೆ?

ಸಂಜೆ ಈ ವಿಷಯ ಎದುರು ಮನೆಯ ನಿವೃತ್ತ ಇನ್ಸ್‌ಪೆಕ್ಟರ ಮುಂದೆ ಬಂತು. ಇನ್ಸ್‌ಪೆಕ್ಟರಿಗೆ ಕ್ಲೌಡ್ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಅಪರಾಧಿಗಳೆಂದರೆ ಏನೆಂದು ಗೊತ್ತಿತ್ತು, ಮತ್ತು ನಿವೃತ್ತಿಯಾದ ಆರು ವರ್ಷದಲ್ಲಿ ಒಬ್ಬ ಅಪರಾಧಿಯೂ ಅವರಿಗೆ ಸಿಕ್ಕಿರಲಿಲ್ಲ.

"ಸಾಕ್ಷ್ಯ ನಾಶ ಮಾಡೋರು ಯಾರು ರಾಯರೇ?"

"ಯಾರು?"

"ಮಾಡಿದೋರೇ. ಬೇರೆಯೋರಿಗೆ ಏನು ಗರಜು? ಆ ಇಮೇಜು ಅಂದ್ರಲ್ಲ, ಅದನ್ನ ಮಾಡಿದ್ದು ಯಾರು?"

"ಅವರೇ."

"ಅದನ್ನ ತೆಗೀತೀವಿ ಅಂದಾಗ ಅತ್ತರಾ?"

"ಇಲ್ಲ. ಹೋಗ್ಲಿ ಬಿಡಿ ಅಂದ್ರು."

ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಅತ್ತಿದ್ರೆ ನಾನು ಬಿಟ್ಟುಬಿಡ್ತಿದ್ದೆ."

ಮರುದಿನ ರಾಯರು ಏಳೂ ಮುಕ್ಕಾಲಿಗೇ ಕಚೇರಿ ಸೇರಿ, ನೀರಿನ ಫಿಲ್ಟರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಎಂಟೂ ಐದಾಯಿತು. ಮಷೀನು ಹುಟ್ಟಿತು. ಕಚೇರಿಯಲ್ಲಿ ಇದ್ದವರು ರಾಯರು ಮತ್ತು ನೆಲ ಒರೆಸುವ ಹೆಂಗಸು. ಆಕೆ ಕುರ್ಚಿಯನ್ನೂ ರಾಯರನ್ನೂ ನೋಡಿ, "ಸಾರ್, ಅಲ್ಲಿ ಒರೆಸಬೇಕು" ಎಂದಳು. ರಾಯರು ಅವಳ ಮೇಲೂ ಹತ್ತು ನಿಮಿಷ ಸಂಶಯಪಟ್ಟರು. ಎಂಟೂವರೆಗೆ ಮೇಡಂ ಬಂದರು, ಚೀಲ ಇಟ್ಟರು, ಕಂಪ್ಯೂಟರ್ ತೆರೆದರು. ಎಂಟೂ ನಲವತ್ತಕ್ಕೆ ಮಷೀನು ಮಾಯ.

ಹಾಗಾದರೆ ಎಂಟೂ ಐದಕ್ಕೆ ಆಕೆ ಎಲ್ಲಿರುತ್ತಾರೆ? ಬಸ್ಸಿನಲ್ಲಿ. ಮಷೀನು ಹುಟ್ಟಿಸುವುದು ಬಸ್ಸಿನಿಂದಲೇ, ಫೋನಿನ ಮೂಲಕ.

ಮೂರನೆಯ ದಿನ ರಾಯರು ಟೋಪಿ ಹಾಕಿಕೊಂಡು ಮೇಡಂ ಹತ್ತುವ ಬಸ್ಸನ್ನೇ ಹತ್ತಿ, ನಾಲ್ಕು ಸೀಟು ಹಿಂದೆ ಪತ್ರಿಕೆ ಹಿಡಿದು ಕೂತರು. ಎಂಟೂ ನಾಲ್ಕು. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಎಂಟೂ ಐದು. ಮೇಡಂ ಚೀಲಕ್ಕೆ ಕೈ ಹಾಕಿದರು, ಫೋನು ತೆಗೆದರು, ಒಂದು ಸಲ ಒತ್ತಿ ಮತ್ತೆ ಒಳಗಿಟ್ಟರು. ಗಂಟೆ ನೋಡಿಕೊಂಡರು ಎಂದು ನೀವು ಹೇಳಬಹುದು. ಬಸ್ಸಿನಲ್ಲಿ ಬೇರೆ ಇಪ್ಪತ್ತು ಜನವೂ ಅದನ್ನೇ ಮಾಡುತ್ತಿದ್ದರು. ಆದರೆ ಆ ಇಪ್ಪತ್ತು ಜನ ಇಮೇಜು ಮಾಡಿದವರಲ್ಲ ಎಂದು ರಾಯರು ವಾದಿಸಿಕೊಂಡರು.

ಇಳಿಯುವಾಗ ಮೇಡಂ ಹಿಂತಿರುಗದೆಯೇ ಹೇಳಿದರು: "ಪತ್ರಿಕೆ ತಲೆಕೆಳಗಾಗಿದೆ ನೋಡಿ ರಾಯರೇ."

ಇಷ್ಟು ಚಾಲಾಕಿ ಇರುವವರು ನಿರಪರಾಧಿಯಾಗಿರಲು ಸಾಧ್ಯವೇ ಇರಲಿಲ್ಲ. ಗುರುವಾರ ರಾಯರು ದೂರು ಬರೆದರು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು ಪದ ಒದಗಿಸಿದರು. "ಸದರಿ ಇಮೇಜಿನ ಮೇಲಿನ ಅತೀವ ಮಮಕಾರದಿಂದ ಸದರಿ ಮೇಡಂರವರು ಪ್ರತಿದಿನ ಗುಪ್ತವಾಗಿ ಒಂದು ಮಷೀನನ್ನು ಹುಟ್ಟಿಸಿ, ಮೂವತ್ತೈದು ನಿಮಿಷಗಳ ನಂತರ ತಾವೇ ಇಲ್ಲವಾಗಿಸಿ" ಎಂದು ಶುರುವಾಗಿ ಮೂರು ಪುಟ ನಡೆಯಿತು. ಓದಿದವರಿಗೆ ಮೈ ಜುಂ ಎನ್ನಬೇಕು, ಹಾಗಿತ್ತು.

ಸೋಮವಾರ ತಪಾಸಣಾಧಿಕಾರಿ ಬರುವವರಿದ್ದರು. ಯಾರಾದರೊಬ್ಬರನ್ನು ತೋರಿಸಲು ಸಿಕ್ಕಿದ್ದು ಸಾಹೇಬರಿಗೂ ಅನುಕೂಲವೇ ಆಯಿತು. ಶುಕ್ರವಾರ ಮೇಡಂ ಅವರ ಪಾಸ್‌ವರ್ಡ್ ರದ್ದಾಯಿತು, ವಿಭಾಗದ ಖಾತೆಯದನ್ನೂ ಬದಲಾಯಿಸಿದರು. ಹಳೆಯ ಟಿಕೆಟ್ ಯಂತ್ರಗಳ ಗೋದಾಮಿಗೆ ಅವರನ್ನು ವರ್ಗ ಮಾಡುವ ಆದೇಶವೂ ಟೈಪಾಯಿತು, ಸಹಿ ಒಂದು ಬಾಕಿ. ಆ ಗೋದಾಮು ಊರಾಚೆ ಇತ್ತು. ಎರಡು ಬಸ್ಸು ಬದಲಾಯಿಸಬೇಕು, ಎರಡೂ ನಿಲ್ದಾಣದಲ್ಲಿ ಬೋರ್ಡಿಲ್ಲ. ಅಲ್ಲಿಗೆ ಹೋದವರು ನಿವೃತ್ತಿಯಾಗುವವರೆಗೆ ವಾಪಸು ಬಂದ ಉದಾಹರಣೆಯಿರಲಿಲ್ಲ.

ಮೇಡಂ ಮೇಜಿನ ಡ್ರಾಯರು ಖಾಲಿ ಮಾಡಿದರು. ಪೆನ್ಸಿಲ್ಲು, ಕನ್ನಡಕದ ಡಬ್ಬಿ, ಒಂದು ಸಣ್ಣ ಟವೆಲ್ಲು. ಹದಿನಾಲ್ಕು ವರ್ಷಕ್ಕೆ ಅಷ್ಟೇ.

"ದೂರಿನಲ್ಲಿ ನಿಮ್ಮದೇ ಸಹಿನಾ ರಾಯರೇ?"

"ಹೌದು ಮೇಡಂ. ನಿಯಮ ಅಂದ್ರೆ ನಿಯಮ."

"ಸರಿ" ಎಂದರು ಮೇಡಂ. ರಾಯರಿಗೆ ಆ "ಸರಿ" ಮನೆಯವರೆಗೂ ಚುಚ್ಚಿತು. ತಪ್ಪು ಮಾಡಿದವರು ಹಾಗೆ ಹೇಳುವುದಿಲ್ಲ ಎಂದು ಅವರಿಗೆ ಒಳಗೊಳಗೇ ಅನ್ನಿಸಿತು, ಆದರೆ ಅನ್ನಿಸಿದ್ದನ್ನೆಲ್ಲ ಖಾತ್ರಿಯಿಲ್ಲದೆ ನಂಬುವ ಜಾತಿಯವರಲ್ಲ ಅವರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದವರು ಹಾಗೇ ಕೂತುಬಿಟ್ಟರು. ಶನಿವಾರ ಎಂಟೂ ಐದಕ್ಕೆ ಒಂದು ಮಷೀನು. ಭಾನುವಾರ ಎಂಟೂ ಐದಕ್ಕೆ ಇನ್ನೊಂದು. ಎರಡೂ ಹುಟ್ಟಿ ಹಾಗೆಯೇ ನಿಂತಿದ್ದವು, ಅಳಿಸುವವರು ಯಾರೂ ಇರಲಿಲ್ಲ.

"ಪಾಸ್‌ವರ್ಡ್ ಇಲ್ದೆ ಹೇಗೆ ಮಾಡಿದ್ರು ಈಕೆ?"

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, ದಾರ ಹಲ್ಲಿನಲ್ಲಿ ಕತ್ತರಿಸಿ, ಪರದೆ ನೋಡಿದರು. "ದಿನಾ ಎಂಟೂ ಐದೇನಾ?"

"ದಿನಾ. ಎಂಟು ಗಂಟೆ, ಐದು ನಿಮಿಷ, ಸೊನ್ನೆ ಸೆಕೆಂಡು."

"ರೀ, ನನ್ನ ಹತ್ರ ಹೊಲಿಸೋಕೆ ಬರೋರು ಐದು ಗಂಟೆ ಅಂದ್ರೆ ಏಳಕ್ಕೆ ಬರ್ತಾರೆ. ಸೆಕೆಂಡ್ ತಪ್ಪದೆ ಯಾರ್ರೀ ಬರ್ತಾರೆ? ಇದು ಮನುಷ್ಯರ ಕೆಲಸ ಅಲ್ಲ. ಯಾರೋ ಗಡಿಯಾರಕ್ಕೆ ಹೇಳಿಟ್ಟಿದ್ದಾರೆ."

ರಾಯರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಕಂಪ್ಯೂಟರು ಹೊತ್ತು ಹೊತ್ತಿಗೆ ತಾನಾಗಿ ಮಾಡಬೇಕಾದ ಕೆಲಸಗಳ ಪಟ್ಟಿ ಒಂದಿರುತ್ತದೆ. ಅದನ್ನು ತೆರೆದರು. ಎಂಟೂ ಐದರ ಸಾಲು ಸಿಕ್ಕಿತು. ಆ ಸಾಲಿನ ಮೇಲೆ ಯಾರೋ ಒಂದು ಟಿಪ್ಪಣಿ ಬರೆದಿದ್ದರು:

"ನೋಟೀಸಿನ ಅವಧಿಯಲ್ಲಿ ಇಮೇಜು ಕೆಲಸ ಮಾಡುತ್ತಿದೆಯೇ ಎಂದು ದಿನಾ ಒಂದು ಮಷೀನು ಮಾಡಿ ನೋಡುವುದು. ಖಾತ್ರಿಗಾಗಿ. ಇದನ್ನು ಯಾರೂ ತೆಗೆಯತಕ್ಕದ್ದಲ್ಲ." ಕೆಳಗೆ ರಾಯರ ಪೂರ್ತಿ ಹೆಸರು, ಸಂಬಳದ ಚೀಟಿಯಲ್ಲಿದ್ದ ಹಾಗೆ.

ರಜೆಗೆ ಹೊರಡುವ ಸಂಜೆ, ಬಸ್ಸಿಗೆ ಹೊತ್ತಾಯಿತೆಂದು ಹೆಂಡತಿ ಮೂರು ಸಲ ಫೋನು ಮಾಡಿದ ಮೇಲೆ, ನಿಂತುಕೊಂಡೇ ಬರೆದಿಟ್ಟು ಹೋದದ್ದು. ಮಷೀನು ಮಾಡುವುದನ್ನು ಬರೆದಿದ್ದರು, ನೋಡಿದ ಮೇಲೆ ಅಳಿಸುವುದನ್ನು ಬರೆದಿರಲಿಲ್ಲ. ನಾದಿನಿಯ ಬೀರು ಹೊರುವಾಗ ಎಲ್ಲವೂ ತಲೆಯಿಂದ ಇಳಿದುಹೋಗಿತ್ತು. ಯಾರೂ ಬಳಸುತ್ತಿಲ್ಲವೆಂದು ಏಳು ದಿನ ಕಾಯಬೇಕು. ಬಳಸಲು ಆಗುತ್ತದೆಯೇ ಎಂದು ದಿನಾ ಬಳಸಿ ನೋಡಬೇಕು. ಈ ಲೆಕ್ಕದಲ್ಲಿ ಆ ಇಮೇಜು ರಾಯರ ಮೊಮ್ಮಕ್ಕಳ ಕಾಲಕ್ಕೂ ನಿವೃತ್ತಿಯಾಗುತ್ತಿರಲಿಲ್ಲ.

ಹೆಂಡತಿ ಟಿಪ್ಪಣಿಯನ್ನು ಓದಿ ಹೊಲಿಗೆ ಯಂತ್ರಕ್ಕೆ ವಾಪಸಾದರು. ಯಂತ್ರದ ಸದ್ದಿನ ನಡುವೆ, "ಪಾಪ, ಆ ಮೇಡಂ" ಎಂಬುದಷ್ಟು ಕೇಳಿಸಿತು.

ರಾಯರು ಎದುರು ಮನೆಗೆ ಓಡಿದರು. "ನಾನೇ ಮಾಡಿದ್ದು ಇನ್ಸ್‌ಪೆಕ್ಟರೇ."

ಇನ್ಸ್‌ಪೆಕ್ಟರು ಬಾಗಿಲು ಹಾಕಿ, ಕುರ್ಚಿ ಎಳೆದು ಕೂರಿಸಿದರು. "ಯಾರು ಹೆದರಿಸಿದ್ರು ನಿಮ್ಮನ್ನ?"

"ಯಾರೂ ಇಲ್ಲ. ಟಿಪ್ಪಣಿಯಲ್ಲಿ ನನ್ನ ಹೆಸರೇ ಇದೆ."

"ಇರುತ್ತೆ. ನಿಮ್ಮ ಹೆಸರು ಹಾಕೋದು ಎಷ್ಟು ಹೊತ್ತು? ಮೂವತ್ತು ವರ್ಷದಲ್ಲಿ ನಾನು ನೋಡಿದ್ದೀನಿ, ತಾನಾಗಿ ಬಂದು ಒಪ್ಪಿಕೊಂಡೋನು ಒಬ್ಬನೂ ನಿಜವಾದ ಕಳ್ಳ ಅಲ್ಲ. ಮನೆಗೆ ಹೋಗಿ ಮಲಗಿ."

ಸೋಮವಾರ ಬೆಳಗ್ಗೆ ಹುಟ್ಟಿದ ಮಷೀನೂ ಸೇರಿ ಮೂರಾದವು. ಗಾಜಿನ ಕೋಣೆಯಲ್ಲೂ ರಾಯರಿಗೆ ಅದೇ ಗತಿಯಾಯಿತು. ವಾರವಿಡೀ ಮೇಡಂ ಮೇಲೆ ತಪ್ಪು ಹೊರಿಸಲು ಪಟ್ಟ ಪಾಡನ್ನೆಲ್ಲ ಈಗ ತಮ್ಮ ಮೇಲೆ ಹೊರಿಸಿಕೊಳ್ಳಲು ಪಡಬೇಕಾಯಿತು. ದಾಖಲೆ ತೋರಿಸಿದರು, ಟಿಪ್ಪಣಿ ತೋರಿಸಿದರು. ಸಾಹೇಬರು ಕಣ್ಣು ಕಿರಿದು ಮಾಡಿದರು.

"ಮೂರು ಪುಟ ದೂರು ಬರೆದೋರು ನೀವೇ. ಇವತ್ತು ಇದ್ದಕ್ಕಿದ್ದ ಹಾಗೆ ಕರುಣೆ ಯಾಕೆ ಬಂತು? ಆಕೆ ಮನೆಗೆ ಬಂದಿದ್ರಾ?"

"ಇಲ್ಲ ಸಾರ್. ಬೇಕಾದ್ರೆ ಈಗಲೇ ಆ ಕೆಲಸ ನಡೆಸಿ ತೋರಿಸ್ತೀನಿ."

"ಈಗ ನೀವು ನಡೆಸಿದ್ರೆ ಈಗ ನೀವು ಮಾಡಿದ್ದು ಅಂತಾಗುತ್ತೆ. ಮೊನ್ನೆಯದಕ್ಕೆ ಸಾಕ್ಷಿ ಆಗುತ್ತಾ?"

ತಪಾಸಣಾಧಿಕಾರಿ ಮಾತು ಕಮ್ಮಿಯ ಹೆಂಗಸು. ಕೈಯಲ್ಲಿ ಒಂದು ತೆಳು ಕಡತ. ಅವರು ಸಾಹೇಬರನ್ನೂ ಸಂಶಯದಿಂದಲೇ ನೋಡುತ್ತಿದ್ದುದು ರಾಯರಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. "ನಾಳೆ ಎಂಟೂ ಐದಕ್ಕೆ ಎಲ್ಲರೂ ಇಲ್ಲೇ ಇರಿ. ಆ ಮೇಡಂನೂ ಕರೆಸಿ" ಎಂದರು.

ಮಂಗಳವಾರ ಎಂಟಕ್ಕೆ ನಾಲ್ವರೂ ಉದ್ದ ಮೇಜಿನ ಸುತ್ತ ಕೂತರು. ಫೋನುಗಳೆಲ್ಲ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ಅಧಿಕಾರಿಯ ಜೇಬಿನಲ್ಲಿ. "ಕೈ ಮೇಜಿನ ಮೇಲಿಡಿ" ಎಂದರು ಅವರು. ಎಂಟು ಕೈಗಳು ಮೇಜಿನ ಮೇಲೆ ಸಾಲಾಗಿ ಕೂತವು. ನೆಲ ಒರೆಸುವ ಹೆಂಗಸು ಬಾಗಿಲಲ್ಲಿ ಇಣುಕಿ, ಇವತ್ತು ಎಲ್ಲರಿಗೂ ಶುರುವಾಗಿದೆ ಎಂದುಕೊಂಡು ಬಕೆಟ್ಟಿನ ಸಮೇತ ವಾಪಸಾದಳು.

ಇವತ್ತೊಂದು ದಿನ ಮಷೀನು ಹುಟ್ಟದೆ ಹೋದರೆ ಮೇಡಂ ಗೋದಾಮಿಗೆ. ಹನ್ನೊಂದು ದಿನ ಅದು ಹುಟ್ಟದಿರಲಿ ಎಂದು ಕಾದ ರಾಯರು ಇವತ್ತು ಹುಟ್ಟಲಿ ಎಂದು ಕಂಡ ದೇವರಿಗೆಲ್ಲ ಮೊರೆಯಿಟ್ಟರು.

ಎಂಟೂ ಐದು. ಯಾರ ಕೈಯೂ ಅಲ್ಲಾಡಲಿಲ್ಲ. ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು: ಮಷೀನು ಸಿದ್ಧವಾಗಿದೆ.

"ನೋಡಿ ಸಾರ್, ನಾನೇ" ಎಂದರು ರಾಯರು, ಬಹುಮಾನ ಬಂದವರ ದನಿಯಲ್ಲಿ.

ಅಧಿಕಾರಿ ಮೇಡಂ ಕಡೆ ತಿರುಗಿದರು. "ನೀವು ದಿನಾ ಇದನ್ನ ಅಳಿಸ್ತಿದ್ದಿರಿ. ಯಾಕೆ?"

"ಪಟ್ಟಿಯಲ್ಲಿ ಇವರ ಟಿಪ್ಪಣಿ ನೋಡಿ, ಇವರದ್ದೇ ಅಂತ ಎರಡನೇ ದಿನಾನೇ ಗೊತ್ತಾಯ್ತು" ಎಂದರು ಮೇಡಂ. "ಏನೋ ಖಾತ್ರಿ ಮಾಡ್ಕೊಳ್ಳೋಕೆ ಇಟ್ಟಿದ್ದಾರೆ, ನೋಡಿದ ಮೇಲೆ ತೆಗೆಯೋದು ಮರ್ತಿದ್ದಾರೆ ಅಂದ್ಕೊಂಡೆ. ತೂತಿರೋ ಮಷೀನು ಸುಮ್ನೆ ನಿಂತಿದ್ರೆ ಒಳ್ಳೇದಲ್ಲ ಅಂತ ಅಳಿಸ್ತಿದ್ದೆ. ಇವರು ಮನೆಗೆ ಹೋದ ಮೇಲೆ ಇವರ ಫ್ಯಾನು ಹನ್ನೊಂದು ವರ್ಷದಿಂದ ನಾನೇ ಆರಿಸ್ತಿದ್ದೀನಿ. ಅದನ್ನೂ ಯಾರಿಗೂ ಹೇಳಿಲ್ಲ."

ರಾಯರು ತಲೆಯೆತ್ತಿ ಫ್ಯಾನು ನೋಡಿದರು. ಲಿಫ್ಟಿನ ಗುಂಡಿ, ಅಂಚೆ ಡಬ್ಬಿ, ಎಲ್ಲವನ್ನೂ ಖಾತ್ರಿ ಮಾಡಿಕೊಳ್ಳುವ ಮನುಷ್ಯನಿಗೆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದು ನೆನಪಾಗಿರಲಿಲ್ಲ. ನಾಚಿಕೆಯಿಂದ ಅವರ ಕಣ್ಣು ತುಂಬಿ ಬಂತು.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಮೇಡಂ?"

"ಹೇಳಿದ್ರೆ ನಂಬ್ತಿದ್ರಾ?"



ಸಾಹೇಬರಿಗೆ ಮಾತ್ರ ಟೈಪಾದ ಆದೇಶ ದಂಡವಾಗುವುದನ್ನು ಸಹಿಸಲಾಗಲಿಲ್ಲ. "ಗೋದಾಮಿನ ಕಾಗದ ರೆಡಿ ಇದೆ. ಹೆಸರು ಒಂದು ಬದಲಾಯಿಸಿದ್ರೆ ಸಾಕು" ಎಂದು ರಾಯರ ಕಡೆ ನೋಡಿದರು.

"ಬೇಡ ಸಾರ್" ಎಂದರು ಮೇಡಂ. "ಇವರು ಅಲ್ಲಿಗೆ ಹೋದ್ರೆ ಹಳೇ ಟಿಕೆಟ್ ಯಂತ್ರ ಒಂದೊಂದರಲ್ಲೂ ದಿನಾ ಒಂದು ಟಿಕೆಟ್ ಹೊಡೆದು ನೋಡ್ತಾರೆ. ಇಲ್ಲೇ ಇದ್ರೆ ನಾನು ನೋಡ್ಕೋತೀನಿ."

ಅಧಿಕಾರಿ ಆ ದಿನ ಮೊದಲ ಸಲ ನಕ್ಕರು. ಕಾಗದ ಹರಿದು ಬುಟ್ಟಿ ಸೇರಿತು, ಪಾಸ್‌ವರ್ಡ್ ವಾಪಸು ಬಂತು, ಎಂಟೂ ಐದರ ಸಾಲನ್ನು ರಾಯರ ಕೈಯಿಂದಲೇ ಅಳಿಸಿದರು. ಏಳು ದಿನ ಕಾದು ಬೀಗ ಹಾಕಿ ಎಂದು ಕಡತದಲ್ಲಿ ಬರೆದರು.

ಈಗ ರಾಯರಿಗೆ ಹೊಸ ಚಿಂತೆ. ಮೇಡಂ ಮನಸ್ಸಿನಲ್ಲಿ ಕೋಪ ಉಳಿದಿದೆಯೋ ಏನೋ. ಅದೇ ಮಧ್ಯಾಹ್ನ ಕೇಳಿದರು.

"ಕೋಪ ಇಲ್ಲ ತಾನೆ ಮೇಡಂ?"

"ಇಲ್ಲ."

ನಾಲ್ಕು ಗಂಟೆಗೆ ಕೇಳಿದರು. "ಖಂಡಿತ ಇಲ್ಲ ತಾನೆ?" "ಇಲ್ಲ ರಾಯರೇ." ಬುಧವಾರ ಬೆಳಗ್ಗೆ ಕೇಳಿದರು, ಊಟದ ಹೊತ್ತಿಗೆ ಕೇಳಿದರು. ಗುರುವಾರ ಮೇಡಂ ಮೆಣಸು ಕುಟ್ಟುವವರ ಹಾಗೆ ಕೀಲಿಮಣೆ ಕುಟ್ಟುತ್ತಿದ್ದಾಗ ಹೋಗಿ ಕೇಳಿದರು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಂಗಳವಾರ ಇರಲಿಲ್ಲ. ಬುಧವಾರಾನೂ ಇರಲಿಲ್ಲ. ಈಗ ಇದೆ."

ರಾಯರು ತಮ್ಮ ತುದಿಗೆ ಹೋಗಿ ಕೂತರು. ಮತ್ತೊಂದು ಸಲ ಕೇಳಿದರೆ ಈ ಲೆಕ್ಕವೂ ಮೊದಲಿಂದಲೇ ಶುರುವಾಗುತ್ತದೆಂದು ಆಗ ಅವರಿಗೆ ಹೊಳೆಯಿತು. ಶುಕ್ರವಾರ ಇಡೀ ದಿನ ಕೇಳಲಿಲ್ಲ. ಹತ್ತು ಗಂಟೆಗೆ ಬಾಯಿ ತೆರೆದು ಮುಚ್ಚಿದರು. ಮೂರಕ್ಕೆ ನೀರು ಕುಡಿಯುವ ನೆವದಲ್ಲಿ ಮೇಜಿನ ಅರ್ಧದವರೆಗೆ ಹೋಗಿ ನೀರಿಲ್ಲದೆ ವಾಪಸು ಬಂದರು. ಬೀರು ಹೊತ್ತಾಗಲೂ ಅಷ್ಟು ಬೆವತಿರಲಿಲ್ಲ.

ಐದೂವರೆಗೆ ಚೀಲ ಹೆಗಲಿಗೇರಿಸಿಕೊಂಡ ಮೇಡಂ ಬಾಗಿಲ ಹತ್ತಿರ ನಿಂತರು. ರಾಯರನ್ನು ಮೇಲಿಂದ ಕೆಳಗಿನವರೆಗೆ ಸಂಶಯದಿಂದ ನೋಡಿದರು.

"ಏನ್ರೀ ರಾಯರೇ, ಇವತ್ತು ಒಂದು ಸಲಾನೂ ಕೇಳ್ಲಿಲ್ಲ. ಹುಷಾರಾಗಿದ್ದೀರಿ ತಾನೆ?"